ಮಸಿ ಬಳಿದ ಎರಡು ಸಾಲು

ಬೆಂಗಳೂರು, ವಿಮಾನ ನಿಲ್ದಾಣ

ನನ್ನ ಮೊದಲ ವಿದೇಶ ಪ್ರವಾಸ ಬೆಂಗಳೂರಿನಲ್ಲೇ ಮುಗಿದುಹೋಗುವ ಲಕ್ಷಣ ಕಂಡಿತ್ತು. ತಪಾಸಣೆಯ ಯಂತ್ರದೊಳಗೆ ಹೊಕ್ಕ ನನ್ನ ಕೈಚೀಲ ಆಚೆ ಕಡೆಯಿಂದ ಬರಲೇ ಇಲ್ಲ. ಪರದೆಯ ಮುಂದೆ ಕೂತಿದ್ದ ಹೆಣ್ಣುಮಗಳು ಯಂತ್ರ ನಿಲ್ಲಿಸಿ, ಚೀಲವನ್ನು ಮತ್ತೆ ಹಿಂದಕ್ಕೆ ಓಡಿಸಿ, ನನ್ನನ್ನೊಮ್ಮೆ ನೋಡಿದಳು. ನನ್ನದು ಬಿಳಿ ಗಡ್ಡ, ತಲೆಯ ಮೇಲೆ ಟೋಪಿ, ಹೆಸರು ರಹಮತುಲ್ಲಾ. ಬೇರೆಯವರನ್ನು ಒಂದು ಸಲ ನೋಡುವ ಕಡೆ ನನ್ನನ್ನು ಎರಡು ಸಲ ನೋಡುವುದು ನನಗೆ ಅಭ್ಯಾಸವಾಗಿದೆ.

"ಒಳಗೆ ಸಣ್ಣ ಸಣ್ಣ ಲೋಹದ ತುಂಡು ಇದಾವಲ್ಲ, ಏನದು?"

"ಅಕ್ಷರ ಕಣಮ್ಮ."

ಆಕೆಗೆ ನಗು ಬರಲಿಲ್ಲ. ಚೀಲ ಬಿಚ್ಚಿಸಿದಳು. ಬಟ್ಟೆಯ ಗಂಟಿನಲ್ಲಿ ಒಂದು ಹಿಡಿ ಸೀಸದ ಅಚ್ಚಿನ ಮೊಳೆಗಳಿದ್ದವು. ಹೋಗುತ್ತಿದ್ದ ಗ್ರಂಥಾಲಯಕ್ಕೆ ನಮ್ಮೂರಿನ ಕಾಣಿಕೆ ಅಂತ ಇಟ್ಟುಕೊಂಡಿದ್ದೆ. ಒಂದನ್ನು ಎತ್ತಿ ಬೆಳಕಿಗೆ ಹಿಡಿದು "ಉಲ್ಟಾ ಇದೆಯಲ್ಲ?" ಎಂದಳು. ಉಲ್ಟಾ ಇದ್ದರೇನೇ ಕಾಗದದ ಮೇಲೆ ನೆಟ್ಟಗೆ ಬೀಳುವುದು ಎಂದು ವಿವರಿಸಿದೆ. ಅವಳ ಮೇಲಧಿಕಾರಿ ಬಂದು, ತಾವೂ ಒಂದನ್ನು ಉಜ್ಜಿ ನೋಡಿ, "ನಮ್ಮ ಅಪ್ಪನ ಮದುವೆ ಪತ್ರಿಕೆ ಇದರಲ್ಲೇ ಆಗಿದ್ದಿರಬೇಕು" ಅಂದು ಬಿಟ್ಟುಕೊಟ್ಟರು.

ಶಿಕಾರಿಪುರದಲ್ಲಿ ನನ್ನದೊಂದು ಪ್ರೆಸ್ ಇದೆ. ಈಗೆಲ್ಲ ಕಂಪ್ಯೂಟರು, ಆಫ್‌ಸೆಟ್ಟು. ಆದರೆ ನಾನು ಕೆಲಸ ಕಲಿತದ್ದು ಅಪ್ಪನ ಪಕ್ಕ ನಿಂತು, ಒಂದೊಂದೇ ಮೊಳೆ ಹೆಕ್ಕಿ ಜೋಡಿಸಿ. ಆ ಕೆಲಸ ಹೋಯಿತು, ಅದರಿಂದ ಹತ್ತಿದ ಹುಚ್ಚು ಹೋಗಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಸೀಮೆಯಲ್ಲಿ ಪತ್ರಿಕೆ ನಡೆಸಿದವರ ಬದುಕನ್ನು ಹುಡುಕಿ ಬರೆಯುವುದೇ ಆ ಹುಚ್ಚು. ಅದೆಂಥ ಜನ ಅಂತೀರಿ! ತಾವೇ ಬರೆದು, ತಾವೇ ವಿಳಾಸ ಅಂಟಿಸಿ, ತಾವೇ ಟಪಾಲಿಗೆ ಹಾಕಿ, ಓದುವವರು ಸಿಗದಿದ್ದರೆ ತಾವೇ ಊರೂರಿಗೆ ಹೋಗಿ ಓದಿ ಹೇಳಿ ಬಂದವರು. ನನ್ನ ಹೆಂಡತಿ ಈ ಹವ್ಯಾಸಕ್ಕೆ ಇಟ್ಟ ಹೆಸರು 'ಸತ್ತವರ ಸಹವಾಸ'.

ಅಂಥ ಸತ್ತವರೊಬ್ಬರಿಗಾಗಿಯೇ ಈಗ ಹೊರಟಿದ್ದೆ. ಸೊರಬ ತಾಲ್ಲೂಕಿನ ಉಳವಿಯ ಮಲ್ಲಿನಾಥಯ್ಯನವರು 'ಲೋಕವಾರ್ತಾಮಂಜರಿ' ಎಂಬ ಪತ್ರಿಕೆ ನಡೆಸಿದವರು. ಬರೆಯುತ್ತಿದ್ದದ್ದು ಉಳವಿಯಲ್ಲಿ, ಅಚ್ಚಾಗುತ್ತಿದ್ದದ್ದು ಶಿವಮೊಗ್ಗೆಯಲ್ಲಿ. ಬರೆದ ಹಾಳೆಗಳು ಟಪಾಲಿನಲ್ಲಿ ಹೋಗಬೇಕು, ಅಚ್ಚಾದ ಕಟ್ಟು ಗಾಡಿಯಲ್ಲಿ ಬರಬೇಕು. ಅವರ ಜೀವನಚರಿತ್ರೆಯನ್ನು ನಾನು ಬರೆದು ಮುಗಿಸಿ ಪುಟ ಕೂಡ ಕಟ್ಟಿಬಿಟ್ಟಿದ್ದೆ. ಅಡ್ಡ ಬಂದದ್ದು ಒಂದೇ ಅಧ್ಯಾಯ.

ಆ ಅಧ್ಯಾಯದ ಕಥೆ ಹೀಗಿದೆ. ಆನವಟ್ಟಿಯ ನಿಂಗಪ್ಪ ಎಂಬ ಕುರಿಗಾಹಿ, ಅಧಿಕಾರಿಗಳನ್ನು ದೂರಿ ಪತ್ರಿಕೆಗೊಂದು ಕಾಗದ ಬರೆದ. ಅಂಥ ಕಾಗದಗಳನ್ನು ಹೆಸರಿಲ್ಲದೆ ಅಚ್ಚು ಹಾಕುವುದು ಆ ಕಾಲದ ರೂಢಿ. ಹೆಸರು ಸಂಪಾದಕರ ಹೊಟ್ಟೆಯಲ್ಲಿರುತ್ತಿತ್ತು. ಆದರೆ ಹೇಗೋ ಹೆಸರು ಹೊರಬಿತ್ತು. ನಿಂಗಪ್ಪನ ಕುರಿಗಳನ್ನೆಲ್ಲ ಸರ್ಕಾರದ ದೊಡ್ಡಿಗೆ ಕೂಡಿದರು. ಅವನು ಊರು ಬಿಟ್ಟವನು ತಿರುಗಿ ಬರಲಿಲ್ಲ. ಸಂಪಾದಕ ಹೆದರಿ ಹೆಸರು ಅಚ್ಚು ಹಾಕಿ ಹಿಡಿದುಕೊಟ್ಟ ಅಂತ ಆನವಟ್ಟಿಯವರು ಹೇಳುತ್ತಾರೆ. ಪ್ರಾಣ ಹೋದರೂ ಹೆಸರು ಬಿಡಲಿಲ್ಲ, ಊರವರೇ ಚಾಡಿ ಹೇಳಿದ್ದು ಅಂತ ಉಳವಿಯವರು. ಇವತ್ತಿಗೂ ಮಲ್ಲಿನಾಥಯ್ಯನವರ ಮನೆಗೆ ಆನವಟ್ಟಿ ಸಂತೆಯಲ್ಲಿ ಇರುವ ಹೆಸರು 'ಹೆಸರು ಮಾರಿದೋರ ಮನೆ'.

ನಾನು ಉಳವಿಯ ಮಾತನ್ನೇ ನಂಬಿ ಬರೆದಿದ್ದೆ. ಮಲ್ಲಿನಾಥಯ್ಯನವರ ಮರಿಮಗಳು ಗೌರಮ್ಮ ನಿವೃತ್ತ ಶಾಲಾ ಶಿಕ್ಷಕಿ, ಎಂಬತ್ತರ ಹತ್ತಿರದ ವಯಸ್ಸು, ಈಗ ಉಳವಿಯ ತವರುಮನೆಯಲ್ಲೇ ಇದ್ದಾರೆ. ಅವರಿಗೆ ಆ ಅಧ್ಯಾಯ ಓದಿ ಹೇಳಿದಾಗ, ಹೊಗಳಿಕೆಗೆ ಹಿಗ್ಗುತ್ತಾರೆ ಅಂದುಕೊಂಡರೆ ಕನ್ನಡಕ ತೆಗೆದು ಕೇಳಿದರು:

"ಇದಕ್ಕೆ ಆಧಾರ ಎಂತದ್ದು ಸಾಬ್ರೇ?"

"ನಿಮ್ಮನೆಯೋರು ಹೇಳಿದ್ದೇ ಅಮ್ಮ."

"ನಮ್ಮನೆಯೋರು ನಮ್ಮನೆಯೋರನ್ನ ಬೈತಾರಾ? ನಾನು ಮದುವೆ ಆಗಿ ಹೋದ ಊರಲ್ಲೂ ಈ ಮಾತು ಬೆನ್ನು ಬಿಡ್ಲಿಲ್ಲ. ಸಾಯೋದ್ರೊಳಗೆ ನಿಜ ಏನು ಅಂತ ಗೊತ್ತಾಗ್ಬೇಕು. ಹೇಳಿದ್ರೆ ಹೇಳ್ದ ಅಂತ್ಲೇ ಬರೀರಿ."

ಪತ್ರಿಕೆಯ ಪ್ರತಿ ನಾಡಿನಲ್ಲೆಲ್ಲೂ ಇರಲಿಲ್ಲ. ಹೀಗಿರುವಾಗ ಸೊರಬದ ಉಪನ್ಯಾಸಕರೊಬ್ಬರು ಮೊಬೈಲಿಗೆ ಒಂದು ಚಿತ್ರ ಕಳಿಸಿದರು. ಸ್ಕಾಟ್ಲೆಂಡಿನ ಕಡಲಂಚಿನ ಸಣ್ಣ ಊರೊಂದರ ಗ್ರಂಥಾಲಯಕ್ಕೆ, ಹಿಂದೆ ನಮ್ಮ ಕಡೆ ಸರ್ವೆ ಮಾಡಿಸಿದ್ದ ಅಧಿಕಾರಿಯ ಮನೆಯವರು ಒಂದು ಪೆಟ್ಟಿಗೆ ಕೊಟ್ಟಿದ್ದರಂತೆ. ಅದರೊಳಗೆ ಕನ್ನಡ ಪತ್ರಿಕೆಯ ಕಟ್ಟು. ಹಳೆಯ ಅಚ್ಚು ಓದಬಲ್ಲವರು ಬೇಕು ಅಂತ ಅವರು ಕೇಳಿದ್ದರು. ಚಿತ್ರದಲ್ಲಿ 'ಸೊರಬ ಸೀಮೆಯ ಒಬ್ಬ ಕುರಿಗಾಹಿ ಬರೆಯುವುದು' ಎಂಬ ತಲೆಬರಹ ಕಂಡಿತು. ಕಾಗದದ ಕೊನೆಗೆ, ಹೆಸರಿರಬೇಕಾದ ಜಾಗದಲ್ಲಿ, ಎರಡು ಸಾಲಿನಷ್ಟು ಉದ್ದ ಕಪ್ಪು ಮಸಿ ಬಳಿದಿತ್ತು. ಎಷ್ಟು ಹಿಗ್ಗಿಸಿ ನೋಡಿದರೂ ಕಪ್ಪು ಕಪ್ಪೇ. ನಾನೇ ಬರುತ್ತೇನೆ ಎಂದು ಬರೆಸಿದೆ, ಅವರು ಬನ್ನಿ ಎಂದು ಕರೆಸಿಕೊಂಡರು.

ರೈಲು ಮತ್ತು ಕೋಡುಬಳೆ

ಎಡಿನ್‌ಬರೊದಿಂದ ರೈಲು. ಡಬ್ಬಿಯ ತುಂಬ ಜನ, ಆದರೆ ಒಂದು ಸೊಲ್ಲಿಲ್ಲ. ಶಿಕಾರಿಪುರದಿಂದ ಸೊರಬದ ಬಸ್ಸು ಹತ್ತಿದರೆ ಊರ ಗಡಿ ದಾಟುವುದರೊಳಗೆ ಪಕ್ಕದವರ ಸಕ್ಕರೆ ಕಾಯಿಲೆ, ಸೊಸೆಯ ಸ್ವಭಾವ, ಪಹಣಿ ತಿದ್ದುಪಡಿಯ ತಾಪತ್ರಯ ಎಲ್ಲ ನಮಗೆ ಗೊತ್ತಾಗಿರುತ್ತದೆ. ಇಲ್ಲಿ ಒಬ್ಬೊಬ್ಬರೂ ಕಿಟಕಿ ನೋಡುತ್ತಾರೆ. ನನಗೆ ತಡೆಯಲಾಗಲಿಲ್ಲ. ಎದುರಿಗಿದ್ದ ವೃದ್ಧರನ್ನು ನನ್ನ ಮುರುಕು ಇಂಗ್ಲಿಷಿನಲ್ಲಿ, "ಎಲ್ಲಿಂದ ಬಂದಿರಿ? ಎಲ್ಲಿಗೆ ಹೊರಟಿರಿ?" ಎಂದು ಕೇಳಿದೆ. ಅವರು ಗಡಬಡಿಸಿ ಜೇಬಿಗೆ ಕೈ ಹಾಕಿ, ಟಿಕೇಟು ತೆಗೆದು ನನ್ನ ಮುಂದೆ ಹಿಡಿದರು. ನಾನು ಅದನ್ನು ನೋಡಿ, ತಲೆಯಾಡಿಸಿ, ಸರಿಯಿದೆ ಎನ್ನುವಂತೆ ಹಿಂದಕ್ಕೆ ಕೊಟ್ಟೆ. ಇಬ್ಬರಿಗೂ ನೆಮ್ಮದಿಯಾಯಿತು.

ನಿಲ್ದಾಣದಲ್ಲಿ ಗ್ರಂಥಪಾಲಕಿ ಮಾರ್ಗರೆಟ್ ಕಾಯುತ್ತಿದ್ದರು. ಉದ್ದಕ್ಕೆ, ತೆಳ್ಳಗೆ, ನಿವೃತ್ತಿಯ ಅಂಚಿನಲ್ಲಿದ್ದ ಹೆಂಗಸು. ಮಾತು ಅಳೆದು ಸುರಿದಂತೆ. ಕಡಲ ದಂಡೆಯಲ್ಲೇ ದಾರಿ. ಹಸಿವಾಗಿ ಹೆಂಡತಿ ಕಟ್ಟಿಕೊಟ್ಟ ಕೋಡುಬಳೆ ಒಂದನ್ನು ತೆಗೆದು ಬಾಯಿಗಿಡುವಷ್ಟರಲ್ಲಿ, ಕೋಳಿಗಿಂತ ದಪ್ಪದ ಬಿಳಿ ಹಕ್ಕಿಯೊಂದು ಹಿಂದಿನಿಂದ ಬಂದು ಕಿತ್ತುಕೊಂಡು ಹೋಯಿತು. ನನ್ನ ಟೋಪಿಯೂ ಕೆಳಗೆ ಬಿತ್ತು. ನಮ್ಮ ಗುಡವಿಯ ಕೆರೆಯಲ್ಲಿ ಹಕ್ಕಿ ನೋಡಲು ಜನ ದುರ್ಬೀನು ಹಿಡಿದು ಉಸಿರು ಬಿಗಿಹಿಡಿದು ಕೂರುತ್ತಾರೆ. ಇಲ್ಲಿ ಹಕ್ಕಿಗಳೇ ಜನರನ್ನು ಹುಡುಕಿಕೊಂಡು ಬರುತ್ತವೆ.

"ಎಲ್ಲ ಅತಿಥಿಗಳಿಗೂ ಹೀಗೇ" ಎಂದರು ಮಾರ್ಗರೆಟ್. ಅವರು ನಕ್ಕದ್ದನ್ನು ನೋಡಿದ್ದು ಆಗಲೇ ಮೊದಲು.

ನನಗೆ ಇಳಿದುಕೊಳ್ಳಲು ಗೊತ್ತುಮಾಡಿದ್ದು ಅವರ ತಮ್ಮ ಡಂಕನ್ ಮನೆಯಲ್ಲಿ. ಡಂಕನ್ ಕುರಿ ಸಾಕುವವನು. ಅಕ್ಕ ಉಳಿಸಿದ ಮಾತುಗಳನ್ನೆಲ್ಲ ಇವನು ಆಡುತ್ತಾನೆ. ನಮಾಜಿಗೆ ದಿಕ್ಕು ಯಾವುದು ಎಂದು ಕೇಳಿದ್ದಕ್ಕೆ ಉತ್ಸಾಹದಿಂದ ದಿಕ್ಸೂಚಿ ತಂದು, ಮೇಜಿನ ಮೇಲೆ ಭೂಪಟ ಹರವಿ, ಗೆರೆ ಎಳೆದು ಆಗ್ನೇಯ ಮೂಲೆ ತೋರಿಸಿದ. ಹುಟ್ಟಿದಾಗಿನಿಂದ ಪಶ್ಚಿಮಕ್ಕೆ ನಿಂತವನು ನಾನು. ಮೊದಲ ದಿನ ಎರಡು ಸಲ ಅಭ್ಯಾಸಬಲದಿಂದ ಅವನ ಪಾತ್ರೆ ಕಪಾಟಿಗೆ ಎದುರಾಗಿ ನಿಂತಿದ್ದೆ. ಅವನು ಮೆಲ್ಲಗೆ ಬಂದು ಭುಜ ಹಿಡಿದು ತಿರುಗಿಸಿ ಹೋದ.

ಪುಸ್ತಕಕ್ಕೆ ದಿಂಬು

ಗ್ರಂಥಾಲಯದ ಓದುವ ಕೋಣೆಗೆ ಹೋಗುವ ಮೊದಲು ಕೈ ತೊಳೆಯಬೇಕು, ಒರೆಸಬೇಕು, ಪೆನ್ನು ಹೊರಗಿಡಬೇಕು. ಪೆನ್ಸಿಲು ಮಾತ್ರ. ಮಾರ್ಗರೆಟ್ ಒಂದು ಬೂದು ಬಣ್ಣದ ದಿಂಬು ತಂದು ಮೇಜಿನ ಮೇಲಿಟ್ಟರು. ಮುದುಕ ಅಂತ ನನಗೆ ಬೆನ್ನಿಗೆ ಕೊಟ್ಟರೇನೋ ಎಂದು ತೆಗೆದುಕೊಂಡು ಒರಗಿಬಿಟ್ಟೆ. ಅದು ಪುಸ್ತಕಕ್ಕಂತೆ. ಹಳೆಯ ಪುಸ್ತಕ ಬಿಚ್ಚಿದಾಗ ಬೆನ್ನು ನೋಯಬಾರದೆಂದು ಅದನ್ನು ದಿಂಬಿನ ಮೇಲೆ ಮಲಗಿಸುತ್ತಾರೆ. ನಮ್ಮಲ್ಲಿ ಗೆದ್ದಲು ತಿಂದು ಬಿಟ್ಟಿದ್ದನ್ನು ಗ್ರಂಥಾಲಯ ಎನ್ನುತ್ತೇವಲ್ಲ ಎಂದು ಹೊಟ್ಟೆ ಉರಿಯಿತು.

ದಿಂಬಿನ ಮೇಲೆ ಮಂಜರಿ ಬಂದು ಮಲಗಿತು. ಇಪ್ಪತ್ತು ವರ್ಷ ಹೆಸರು ಮಾತ್ರ ಕೇಳಿದ್ದ ಪತ್ರಿಕೆ ಅದು. ಕಣ್ಣು ಮಂಜಾಯಿತು, ಸುಳ್ಳು ಹೇಳುವುದಿಲ್ಲ. ಆ ಅಧಿಕಾರಿ ಕನ್ನಡ ಕಲಿಯಲು ಇದನ್ನು ತರಿಸುತ್ತಿದ್ದನಂತೆ. ಸಾಲುಗಳ ನಡುವೆ ಪೆನ್ಸಿಲಿನಲ್ಲಿ ಅರ್ಥ ಬರೆದುಕೊಂಡಿದ್ದ. ಒಂದು ಕಡೆ ಚಿರತೆ ಬಾವಿಗೆ ಬಿದ್ದ ವರ್ತಮಾನ. ಇನ್ನೊಂದು ಕಡೆ, ಕೆರೆಯ ತೂಬು ಮುರಿದು ವರ್ಷವಾದರೂ ಯಾರೂ ತಿರುಗಿ ನೋಡದ ವರ್ತಮಾನ. ಮತ್ತೊಂದು ಕಡೆ, ಪತ್ರಿಕೆಯನ್ನು ಓದಿ ಮಡಿಸಿ ಹಿಂದಕ್ಕೆ ಕಳಿಸುವ ಚಂದಾದಾರರಿಗೆ ಮಲ್ಲಿನಾಥಯ್ಯನವರ ನಯವಾದ ಬೈಗುಳ. ಮನುಷ್ಯ ಕಣ್ಣೆದುರು ಕೂತಂತಿತ್ತು. ನನ್ನ ಪುಸ್ತಕದಲ್ಲಿ ನಾನು ಅವರನ್ನು ಋಷಿ ಮಾಡಿದ್ದೆ. ಇವರಿಗೆ ಸಿಟ್ಟು ಬರುತ್ತಿತ್ತು, ಕುಹಕ ಗೊತ್ತಿತ್ತು.

ಆಮೇಲೆ ಆ ಪುಟ ಬಂತು. ಕುರಿಗಾಹಿಯ ಕಾಗದದ ಮೇಲೆ ಸುಮ್ಮನೆ ಕಣ್ಣಾಡಿಸಿ ನೇರ ಕೆಳಗಿಳಿದೆ. ಮಸಿ ಗಟ್ಟಿಯಾಗಿತ್ತು. ಬ್ರಷ್ಷಲ್ಲ, ಬಟ್ಟೆಯ ಬತ್ತಿ ಅದ್ದಿ ಬಳಿದದ್ದು. ಭೂತಗನ್ನಡಿ ಹಿಡಿದರೂ ಅಕ್ಷರದ ಒಂದು ಕೊಂಬೂ ಕಾಣಲಿಲ್ಲ.

"ಅಧಿಕಾರಿಯೇ ಬಳಿದಿರಬಹುದು, ಸರ್ಕಾರದ ಮನುಷ್ಯ" ಎಂದರು ಮಾರ್ಗರೆಟ್.

ಹಾಗಿದ್ದರೆ ಕೆಳಗೆ ಹೆಸರಿತ್ತು ಎಂದಾಯಿತು. ಹೆಸರಿದ್ದರೆ ಆನವಟ್ಟಿಯವರು ಹೇಳಿದ್ದೇ ನಿಜ. ಸಂಜೆಯವರೆಗೆ ಆ ಕಪ್ಪನ್ನೇ ನೋಡುತ್ತ ಕೂತೆ. ಗೌರಮ್ಮನವರಿಗೆ ಏನು ಹೇಳಲಿ?

ಭಾನುವಾರ, ಡಂಕನ್ ಕುರಿಗಳು

ಗ್ರಂಥಾಲಯಕ್ಕೆ ರಜೆ. ಡಂಕನ್ ನನ್ನನ್ನು ಗುಡ್ಡಕ್ಕೆ ಕರೆದೊಯ್ದ. ಅವನ ಕುರಿಗಳ ಎಡಪೃಷ್ಠಕ್ಕೆ ನೀಲಿ ಬಣ್ಣ, ಪಕ್ಕದವನ ಕುರಿಗೆ ಕೆಂಪು. ನಮ್ಮಲ್ಲೂ ಕುರಿಗೆ ಗುರುತು ಹಾಕುತ್ತಾರೆ, ಕೆಲವರು ಬಣ್ಣ ಬಳಿಯುತ್ತಾರೆ, ಕೆಲವರು ಕಿವಿ ಸೀಳುತ್ತಾರೆ ಎಂದು ಹೇಳಿದೆ. ಸಾವಿರಾರು ಮೈಲಿ ದೂರದ ಜನಕ್ಕೆ ಒಂದೇ ಕಳ್ಳರ ಭಯ ಎಂದು ಅವನಿಗೆ ಭಾರಿ ಸಂತೋಷವಾಯಿತು. ಇಲ್ಲಿ ಕುರಿಗಳ ಜತೆ ಯಾರೂ ಇರುವುದಿಲ್ಲ. ಗಾರೆಯಿಲ್ಲದ ಕಲ್ಲಿನ ಗೋಡೆಯೇ ಕಾವಲು. ಕಂಬಳಿ ಹೊದ್ದು, ಕೋಲೂರಿ, ಮಂದೆಯ ಜತೆ ಊರೂರು ನಡೆಯುವ ನಮ್ಮವರ ಬಗ್ಗೆ ಹೇಳಿದಾಗ, "ಅವರಿಗೆ ಬೇಜಾರಾಗುವುದಿಲ್ಲವೆ?" ಎಂದು ಕೇಳಿದ. ಬೇಜಾರಿಗೆ ಪುರುಸೊತ್ತು ಎಲ್ಲಿ ಎಂದೆ.

ಇಳಿಯುವಾಗ ಬಂದರಿನ ಹತ್ತಿರ ಒಂದು ಕಲ್ಲುಹಲಗೆ ತೋರಿಸಿದ. ಅವರೂರಿನ ಪತ್ರಿಕೆಯನ್ನು ಅದೇ ಕಾಲದಲ್ಲಿ ನಡೆಸಿದ ಸಂಪಾದಕನ ನೆನಪಿಗಂತೆ. ನಾನು ಕೂಡಲೇ ಟೋಪಿ ಸರಿಮಾಡಿಕೊಂಡು ಭಕ್ತಿಯಿಂದ ನಿಂತೆ.

"ದೊಡ್ಡ ಕುಡುಕ" ಎಂದ ಡಂಕನ್. "ಸುಳ್ಳುಗಾರ. ಹೆಂಡತಿ ಬಿಟ್ಟುಹೋದಳು. ಆದರೆ ಬಂದರಿಗೆ ಗೋಡೆ ಕಟ್ಟಿಸುವವರೆಗೆ ವಾರವಾರ ಬರೆದ. ನಮ್ಮ ತಾತನ ತಾತ ಮುಳುಗದೆ ಮನೆಗೆ ಬಂದದ್ದು ಆ ಗೋಡೆಯಿಂದ."

ಮನೆಯಲ್ಲಿ ಆ ಸಂಪಾದಕನ ಜೀವನಚರಿತ್ರೆಯ ಪುಟ್ಟ ಪುಸ್ತಕವಿತ್ತು. ಊರಿನ ಮೇಷ್ಟ್ರೊಬ್ಬರು ಬರೆದದ್ದು. ನಿಘಂಟು ಹಿಡಿದು ಓದಿದೆ. ಕುಡಿತ, ಸುಳ್ಳು, ಮಾನನಷ್ಟದ ಮೊಕದ್ದಮೆ ಎಲ್ಲ ಅದರಲ್ಲಿತ್ತು. ಯಾರೂ ಬರೆದವರ ಮನೆಗೆ ಕಲ್ಲು ಹೊಡೆದಿರಲಿಲ್ಲ. ನಮ್ಮಲ್ಲಿ ಜೀವನಚರಿತ್ರೆ ಎಂದರೆ ಆರತಿ ಎತ್ತುವುದು. ನಾನು ಬರೆದ ಹತ್ತಾರು ಹಳೆಯ ಪತ್ರಕರ್ತರೂ ಸದ್ವಂಶದಲ್ಲಿ ಹುಟ್ಟಿ, ಹಗಲಿರುಳು ದುಡಿದು, ಕೀರ್ತಿಶೇಷರಾದವರೇ. ಹೆಸರು ಅಳಿಸಿ ಒಬ್ಬರ ಬದುಕನ್ನು ಇನ್ನೊಬ್ಬರಿಗೆ ಅಂಟಿಸಿದರೂ ಯಾರಿಗೂ ತಿಳಿಯಲಾರದು. ಅದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯಾಯಿತು.

ಸೋಮವಾರ, ಕಿಟಕಿಯ ಪಕ್ಕ

ಬೆಳಿಗ್ಗೆ ಎಂದೂ ಇಲ್ಲದ ಬಿಸಿಲು. ಊರಿನವರು ಕೋಟು ಬಿಚ್ಚಿ ಬಿಸಿಲನ್ನು ನೆಂಟರಂತೆ ಮಾತಾಡಿಸುತ್ತಿದ್ದರು. ಮಾರ್ಗರೆಟ್ ಕೂಡ ನನ್ನ ಮೇಜನ್ನು ಕಿಟಕಿಯ ಪಕ್ಕಕ್ಕೆ ಹಾಕಿಸಿದ್ದರು. ಮಸಿಯ ಪುಟವನ್ನು ಇನ್ನೊಮ್ಮೆ ನೋಡಿ, ಸೋತು, ಹಾಳೆ ಮಗುಚಿದೆ. ಹಿಂಬದಿಯಲ್ಲಿ ಪಂಚಾಂಗದ ಜಾಹೀರಾತು, ಅದರ ಕೆಳಗೆ ಒಂದಿಷ್ಟು ಖಾಲಿ ಜಾಗ. ಬಿಸಿಲು ಓರೆಯಾಗಿ ಬೀಳುತ್ತಿತ್ತು. ಆ ಖಾಲಿ ಜಾಗದಲ್ಲಿ ಸಣ್ಣ ಸಣ್ಣ ಉಬ್ಬುಗಳು ಕಂಡವು.

ಹಳೆಯ ಕೈಪ್ರೆಸ್ಸಿನಲ್ಲಿ ಒತ್ತು ಜೋರಾಗಿ ಬಿದ್ದರೆ ಮೊಳೆ ಕಾಗದವನ್ನು ಕಚ್ಚುತ್ತದೆ, ಹಿಂದೆ ಅಕ್ಷರ ಉಬ್ಬಿಕೊಳ್ಳುತ್ತದೆ. ಹಾಗೆ ಉಬ್ಬಿದರೆ ನಮ್ಮಪ್ಪ ಬೈಯುತ್ತಿದ್ದರು. ಮಸಿ ಮುಂಬದಿಯನ್ನು ಮುಚ್ಚಬಹುದು, ಹಿಂಬದಿಯ ಉಬ್ಬನ್ನು ಮುಚ್ಚಲಾಗದು. ಉಬ್ಬಿದ್ದು ಉಲ್ಟಾ ಅಕ್ಷರ. ಉಲ್ಟಾ ಓದುವುದೇ ಅಲ್ಲವೆ ನನ್ನ ವಿದ್ಯೆ! ಮಾರ್ಗರೆಟ್ ಅವರನ್ನು ಕೂಗಿದೆ. ಬೆರಳು ಮುಟ್ಟಿಸಬೇಡಿ ಎಂದು ಅವರೇ ಹಾಳೆಯನ್ನು ಬಿಸಿಲಿಗೆ ಓರೆ ಹಿಡಿದು ನಿಂತರು. ನಾನು ಬಲದಿಂದ ಎಡಕ್ಕೆ ಒಂದೊಂದೇ ಅಕ್ಷರ ಹೆಕ್ಕಿ ಕಾಗದಕ್ಕೆ ಇಳಿಸಿದೆ.

ಮೊದಲ ಸಾಲು: ಬರೆದವನು ಆನವಟ್ಟಿ ನಿಂಗಪ್ಪ.

ಮುಗಿಯಿತಲ್ಲ, ಹೆಸರು ಹಾಕಿದ್ದಾರೆ ಎಂದುಕೊಂಡೆ. ಮಾರ್ಗರೆಟ್ "ಇನ್ನೊಂದು ಸಾಲಿದೆ" ಎಂದರು.

ಎರಡನೆಯ ಸಾಲು: ಈ ಹೆಸರನ್ನು ಅಚ್ಚು ಹಾಕಕೂಡದು.

ಒಂದು ಗಳಿಗೆ ಏನೂ ಹೊಳೆಯಲಿಲ್ಲ. ಹೊಳೆದ ಮೇಲೆ ಆ ನಿಶ್ಶಬ್ದದ ಕೋಣೆಯಲ್ಲಿ ಹುಚ್ಚನ ಹಾಗೆ ನಕ್ಕೆ. ಆಚೆ ಮೇಜಿನವರು ತಿರುಗಿ ನೋಡಿದರು. ನಗುತ್ತ ನಗುತ್ತಲೇ ಕಣ್ಣಲ್ಲಿ ನೀರು ಬಂತು.

ಮೊಳೆ ಜೋಡಿಸುವವನಿಗೆ ಕೈಪ್ರತಿಯೇ ದೇವರು. ಅಲ್ಲಿರುವುದನ್ನು ಇದ್ದ ಹಾಗೆ ಜೋಡಿಸಬೇಕು, ಅರ್ಥದ ಗೊಡವೆ ಅವನಿಗೆ ಬೇಡ. ನಾನು ಹೊಸದಾಗಿ ಕೆಲಸಕ್ಕೆ ಕೂತಾಗ ಒಂದು ಮದುವೆ ಪತ್ರಿಕೆ ಬಂತು. ಹಾಳೆಯ ತಲೆಯಲ್ಲಿ ಪುರೋಹಿತರು 'ಇಲ್ಲಿ ಗಣಪತಿ ಕೂರಿಸಿ' ಎಂದು ಬರೆದಿದ್ದರು. ನಾನು ಗಣಪತಿಯ ಚಿತ್ರದ ಬ್ಲಾಕು ಕೂರಿಸುವುದು ಬಿಟ್ಟು ಆ ಮಾತನ್ನೇ ಚೆಂದವಾಗಿ ಜೋಡಿಸಿ ಅಚ್ಚು ಹಾಕಿ ಒಣಗಿಸಿ ಕೊಟ್ಟೆ. ಅಪ್ಪನ ಕೈಯಲ್ಲಿ ತಿಂದ ಏಟು ಇನ್ನೂ ನೆನಪಿದೆ. ಶಿವಮೊಗ್ಗೆಯಲ್ಲೂ ಆದದ್ದು ಅದೇ. ಮಲ್ಲಿನಾಥಯ್ಯನವರು ತಮ್ಮ ಜ್ಞಾಪಕಕ್ಕೆ ಹೆಸರು ಬರೆದು, ಅದನ್ನು ಹಾಕಬೇಡ ಎಂದು ಎಚ್ಚರಿಕೆ ಕೊಟ್ಟಿದ್ದರು. ಮೊಳೆ ಜೋಡಿಸಿದವನು ಹೆಸರನ್ನೂ ಜೋಡಿಸಿದ, ಎಚ್ಚರಿಕೆಯನ್ನೂ ಜೋಡಿಸಿದ. ಬರೀ ಹೆಸರು ಬಿದ್ದಿದ್ದರೆ ಸಂಪಾದಕರೇ ಹಾಕಿಸಿದರು ಎನ್ನಬಹುದಿತ್ತು. ಎಚ್ಚರಿಕೆಯೂ ಬಿದ್ದದ್ದರಿಂದಲೇ ಅವರು ಬಚಾವಾದರು.

ಮಾರ್ಗರೆಟ್ ಅವರಿಗೆ ಇದನ್ನು ವಿವರಿಸಲು ಅರ್ಧ ಗಂಟೆ ಹಿಡಿಯಿತು. ಅರ್ಥವಾದ ಮೇಲೆ ಅವರು, "ಹಾಗಾದರೆ ಮಸಿ ಬಳಿದವರು?" ಎಂದರು.

ಉತ್ತರ ಮುಂದಿನ ಸಂಚಿಕೆಯಲ್ಲಿತ್ತು. ಕಟ್ಟಿನಲ್ಲಿ ಅದೇ ಕೊನೆಯದು. ಮೊದಲ ಪುಟದಲ್ಲೇ ಸಂಪಾದಕರ ಚಿಕ್ಕ ಬಿನ್ನಹ. ಗಾಡಿಯಿಂದ ಕಟ್ಟು ಇಳಿಸಿ ಬಿಚ್ಚಿದಾಗ ತಪ್ಪು ಕಣ್ಣಿಗೆ ಬಿತ್ತೆಂದು, ಪ್ರತಿಯೊಂದು ಪ್ರತಿಗೂ ತಾವೇ ಕೈಯಾರೆ ಮಸಿ ಬಳಿದು ಕಳಿಸಿದ್ದೇವೆಂದು ಅದರಲ್ಲಿತ್ತು. ಮೊಳೆ ಜೋಡಿಸಿದವನನ್ನು ಯಾರೂ ದೂರಬಾರದು, ಶಿವಮೊಗ್ಗೆಗೆ ಹೋಗಿ ಕರಡಚ್ಚು ನೋಡಿ ತಿದ್ದಬೇಕಾದವರು ತಾವು, ಆ ಸಲ ಹೋಗಲಿಲ್ಲ ಎಂದೂ ಇತ್ತು. ಏಕೆ ಹೋಗಲಿಲ್ಲ ಎನ್ನುವುದಕ್ಕೆ ಒಂದು ನೆಪವನ್ನೂ ಬರೆದಿರಲಿಲ್ಲ. ಅದಾದ ಮೇಲೆ ಮಂಜರಿ ಬರಲಿಲ್ಲ.

ಮಸಿ ಬಳಿದದ್ದನ್ನು ಕಂಡರೆ ಯಾರು ತಾನೆ ಸುಮ್ಮನಿರುತ್ತಾರೆ? ಆ ಕಾಲದಲ್ಲೂ ನನ್ನಂಥ ಒಬ್ಬ ಕುತೂಹಲಿ ಹಾಳೆಯನ್ನು ಬಿಸಿಲಿಗೆ ಹಿಡಿದು ನೋಡಿರಬೇಕು. ಇದು ನನ್ನ ಊಹೆ, ಪುಸ್ತಕದಲ್ಲೂ ಊಹೆ ಅಂತಲೇ ಬರೆದಿದ್ದೇನೆ.

ಹೊರಡುವ ದಿನ ಮಾರ್ಗರೆಟ್ ಆ ಪುಟಗಳ ಚಿತ್ರ ತೆಗೆಸಿ ಲಕೋಟೆಯಲ್ಲಿ ಹಾಕಿಕೊಟ್ಟರು. ಓರೆ ಬೆಳಕಿನಲ್ಲಿ ಹಿಂಬದಿಯ ಉಬ್ಬು ಕಾಣುವಂತೆಯೂ ಒಂದು ತೆಗೆಸಿದ್ದರು. ನಿಲ್ದಾಣದಲ್ಲಿ, ಅಷ್ಟು ದಿನ ಕೆಲಸದ ಮಾತಷ್ಟೇ ಆಡಿದವರು, "ಆ ಅಜ್ಜಿಗೆ ಸಂತೋಷವಾಗುತ್ತದೆಯೆ?" ಎಂದು ಕೇಳಿದರು. ಆಗುತ್ತದೆ ಎಂದೆ. ಹೆಸರು ಮಾರಿಲ್ಲ ಎಂದು ಸಾಬೀತಾಯಿತಲ್ಲ, ಇನ್ನೇನು ಬೇಕು ಎಂದು ದಾರಿಯುದ್ದಕ್ಕೂ ಬೀಗುತ್ತಲೇ ಬಂದೆ.

ಉಳವಿ, ಆನವಟ್ಟಿ

ಫೋನಿನಲ್ಲಿ ಹೇಳದೆ ಉಳವಿಗೇ ಹೋದೆ. ಗೌರಮ್ಮನವರು ಜಗಲಿಯ ಮೇಲೆ ಕೂತು ಚಿತ್ರಗಳನ್ನು ಒಂದೊಂದಾಗಿ ನೋಡಿದರು. ಎರಡು ಸಾಲಿನ ಕಥೆ ಕೇಳಿ ಅವರೂ ನಕ್ಕರು. ಕೊನೆಯ ಸಂಚಿಕೆಯ ಬಿನ್ನಹವನ್ನು ತಾವೇ ಗಟ್ಟಿಯಾಗಿ ಓದಿದರು.

"ನಿಮ್ಮ ಮುತ್ತಜ್ಜ ಹಿಡಿದುಕೊಡ್ಲಿಲ್ಲ ಅಮ್ಮ. ಗೆದ್ದಿರಿ" ಎಂದೆ.

"ಸಾಬ್ರೇ, ನೀವು ಪ್ರೆಸ್ಸಿನೋರು. ಪ್ರೂಫ್ ನೋಡೋದು ಯಾರ ಕೆಲ್ಸ?"

"ಸಂಪಾದಕರದ್ದು."

"ಹಂಗಾರೆ ಗೆದ್ದದ್ದು ಎಂತದ್ದು? ಒಬ್ಬ ಊರು ಬಿಟ್ಟು ಹೋದ. ತಪ್ಪು ನಮ್ದು ಅಂತ ಆತನೇ ಬರ್ದಾನೆ. ಅಷ್ಟು ಬರೆದೋನು ಆನವಟ್ಟಿಗೆ ಹೋಗಿ ಅವ್ರ ಮನೆ ಮುಂದೆ ನಿಂತು ಹೇಳ್ಬೇಕಿತ್ತು. ಹೋಗ್ಲಿಲ್ಲ ಅಂತ ಕಾಣ್ತದೆ. ಬಸ್ಸು ಎಷ್ಟೊತ್ತಿಗೆ?"

ಬೇಡ, ಇನ್ನೊಂದು ದಿನ ಹೋಗೋಣ ಎಂದರೂ ಕೇಳಲಿಲ್ಲ. ಸೀರೆ ಬದಲಿಸಿ ಬಂದರು. ಬಸ್ಸಿನಲ್ಲಿ ಪಕ್ಕದ ಹೆಂಗಸು ಎಲ್ಲಿಗೆ, ಯಾರ ಮನೆಗೆ ಎಂದು ಕೇಳಿದ್ದಕ್ಕೆ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ಆನವಟ್ಟಿ ಬರುವಷ್ಟರಲ್ಲಿ ಅರ್ಧ ಬಸ್ಸಿಗೆ ವಿಷಯ ಗೊತ್ತಾಗಿತ್ತು.

ನಿಂಗಪ್ಪನ ತಮ್ಮನ ವಂಶದವರು ಈಗಲೂ ಅಲ್ಲೇ ಇದ್ದಾರೆ. ಯಜಮಾನ ಬೀರಪ್ಪ ಕುರಿ ವ್ಯಾಪಾರ ಮಾಡುವವನು. ನಾವು ಹೋದಾಗ ಮನೆಯ ಮುಂದೆ ಟಗರಿಗೆ ಸೊಪ್ಪು ಕಟ್ಟುತ್ತಿದ್ದ. ನನ್ನ ಪರಿಚಯ ಅವನಿಗಿತ್ತು. ಗೌರಮ್ಮನವರನ್ನು ಉಳವಿಯವರು, ಮಲ್ಲಿನಾಥಯ್ಯನವರ ಮನೆಯವರು ಎಂದಾಗ ಸೊಪ್ಪು ಕೆಳಗಿಟ್ಟ. ಬನ್ನಿ ಎನ್ನಲಿಲ್ಲ.

ಗೌರಮ್ಮನವರು ನಿಂತೇ ಹೇಳಿದರು. "ಬೀರಪ್ಪ, ನಮ್ಮ ಮುತ್ತಜ್ಜ ನಿಮ್ಮಜ್ಜನ ಹೆಸ್ರು ಮಾರ್ಲಿಲ್ಲ. ಆದ್ರೆ ಕಾಯ್ಲೂ ಇಲ್ಲ. ನೋಡ್ಬೇಕಾದ್ದನ್ನ ನೋಡ್ಲಿಲ್ಲ. ಅದ್ರಿಂದ ನಿಮ್ಮನೆ ಹಾಳಾತು. ತಪ್ಪಾತು ಅಂತ ಹೇಳಕ್ಕೆ ಬಂದೆ. ಇಷ್ಟು ತಡ ಆಗಿದ್ದಕ್ಕೂ ತಪ್ಪಾತು."

ನಾನು ಚಿತ್ರ ತೆಗೆದು ಉಬ್ಬು ಅಕ್ಷರ, ಎಚ್ಚರಿಕೆ, ಮಸಿ ಎಲ್ಲ ವಿವರಿಸತೊಡಗಿದೆ. ಬೀರಪ್ಪ ಸ್ವಲ್ಪ ಹೊತ್ತು ಕೇಳಿ ಕೈ ಎತ್ತಿದ.

"ಅದೆಲ್ಲ ಇರಲ್ರಿ ಸಾಬ್ರ. ಹೆಸರು ಬಿತ್ತು, ಹೆಸರು ಹೋತು ಅಂತ ಎಲ್ಲಾರೂ ಹೇಳ್ತಾರ. ನಮ್ಮಜ್ಜ ಅದ್ರಾಗ ಏನ್ ಬರ್ದಿದ್ದ? ಅದನ್ನ ಒಬ್ರೂ ಹೇಳಿಲ್ಲ ನೋಡ್ರಿ."

ಆ ಕಾಗದಕ್ಕಾಗಿ ಕಡಲು ದಾಟಿ ಹೋಗಿದ್ದೆ, ಕಾಗದವನ್ನೇ ನೆಟ್ಟಗೆ ಓದಿರಲಿಲ್ಲ. ಕಣ್ಣೆಲ್ಲ ಕೆಳಗಿನ ಮಸಿಯ ಮೇಲೇ ಇತ್ತು. ಕನ್ನಡಕ ಹಾಕಿಕೊಂಡು ಅಲ್ಲೇ ಕಟ್ಟೆಯ ಮೇಲೆ ಕೂತು ಓದಿದೆ. ಹಿರಿಯರು ಮೇಯಿಸಿದ ಹುಲ್ಲುಗಾವಲನ್ನು ಅಳೆದು ಬೇಲಿ ಹಾಕಿದ್ದು, ಒಳಗೆ ಕಾಲಿಟ್ಟ ಕುರಿಗಳನ್ನು ದೊಡ್ಡಿಗೆ ಕೂಡಿದ್ದು, ಗಬ್ಬದ ಕುರಿಗಳು ಎರಡು ದಿನ ನೀರಿಲ್ಲದೆ ಅಲ್ಲೇ ಈದು ಮರಿಗಳು ಸತ್ತದ್ದು ಎಲ್ಲ ಅದರಲ್ಲಿತ್ತು. ಕೊನೆಗೆ ಒಂದು ಪ್ರಶ್ನೆ ಕೇಳಿದ್ದ: ಮನುಷ್ಯ ತಪ್ಪು ಮಾಡಿದರೆ ಜೈಲಿನಲ್ಲಿ ನೀರು ಕೊಡುತ್ತಾರೆ, ಬಾಯಿಲ್ಲದ ಜೀವಕ್ಕೆ ಆ ಕಾಯಿದೆ ಇಲ್ಲವೆ?

ಬೀರಪ್ಪ ಟಗರಿನ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದ. "ಇನ್ನೊಂದ್ಸಲ ಓದ್ರಿ" ಎಂದ. ಓದಿದೆ. ಒಳಗಿನಿಂದ ಹೆಂಗಸರೂ ಬಾಗಿಲಿಗೆ ಬಂದು ನಿಂತರು. ಓದಿ ಮುಗಿಸಿದಾಗ ಅವನು ಗೌರಮ್ಮನವರಿಗೆ ಕಂಬಳಿ ಹಾಸಿ, "ಕೂಡ್ರಿ ಅಮ್ಮ" ಎಂದ. ಆಮೇಲೆ ನನ್ನ ಕಡೆ ತಿರುಗಿದ.

"ಇದು ನಿಮ್ಮ ಪುಸ್ತಕದಾಗ ಬರ್ತೈತೇನ್ರಿ?"

"ಪೂರ್ತಿ ಬರ್ತದೆ."

"ಕೆಳಗ ಹೆಸರು?"

"ಹಾಕಬಾರ್ದು ಅಂತ ಇತ್ತಲ್ಲಪ್ಪ."

"ಅದು ಆವತ್ತಿನ ಮಾತು. ಇವತ್ತು ಕೇಳೋರು ನಾವದೀವಿ. ಆನವಟ್ಟಿ ನಿಂಗಪ್ಪ ಅಂತ ಹಾಕ್ರಿ."

ನಾನು ಗೌರಮ್ಮನವರ ಮುಖ ನೋಡಿದೆ. ಅವರು ಸೆರಗಿನಿಂದ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

"ಹಾಕಿ ಸಾಬ್ರೇ. ಪ್ರೂಫ್ ನಾನು ನೋಡ್ತೀನಿ."